ಬಾಕ್ಸ್ ಹಾಕಿದ ಮೇಲೆ ಗಾಡಿ ಯಾಕೆ ಅಲ್ಲಾಡುತ್ತದೆ? ಭಾರದ ದೋಷ ಹುಡುಕುವ ಬಗೆ

ಬೈಕಿನ ಸೀಟಿನ ಹಿಂದೆ ಟಾಪ್ ಬಾಕ್ಸ್ ಕೂಡಿಸಿದ ಮೇಲೆ ಹ್ಯಾಂಡಲ್ ನಡುಗುತ್ತಿದೆಯಾ? ಕ್ಯಾರಿಯರ್ ಪೈಪ್ ಬಿರುಕು ಬಿಟ್ಟಿದೆಯಾ? ಬಾಕ್ಸಿನ ಮುಚ್ಚಳ ದಾರಿ ಮಧ್ಯೆ ತಾನಾಗೇ ತೆರೆದುಕೊಳ್ಳುತ್ತಿದೆಯಾ? ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಎಲ್ಲರೂ ಮೊದಲು ಬೈಯುವುದು ಬಾಕ್ಸನ್ನು. ಆಮೇಲೆ ವೆಲ್ಡಿಂಗ್ ಮಾಡಿದವನನ್ನು. ಕೊನೆಗೆ ರಸ್ತೆಯನ್ನು. ಕಲಬುರಗಿ ಕಡೆ ರಸ್ತೆಗೆ ಬೈಯಲು ಕಾರಣ ಬೇಕಾದಷ್ಟಿವೆ ಬಿಡಿ. ಆದರೆ ಎಷ್ಟು ತೂಕ ಹೇರಿದ್ದೀರಿ ಅಂತ ಕೇಳಿದರೆ ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ. "ನಲವತ್ತೈದು ಲೀಟರ್ ಬಾಕ್ಸ್ ರೀ, ಜಾಸ್ತಿ ಏನೂ ಹಾಕಿಲ್ಲ" ಅನ್ನುತ್ತಾರೆ.

ಲೀಟರ್ ಅನ್ನುವುದು ಒಳಗಿನ ಜಾಗದ ಅಳತೆ, ತೂಕದ್ದಲ್ಲ. 45 ಲೀಟರ್ ಬಾಕ್ಸಿನಲ್ಲಿ ಬಟ್ಟೆ ತುಂಬಿದರೆ ತೊಂದರೆ ಇಲ್ಲ. ಅದೇ ಬಾಕ್ಸಿನಲ್ಲಿ ತೊಗರಿ ಬೇಳೆ ತುಂಬಿದರೆ 35 ಕಿಲೋ ಆಸುಪಾಸು ಆಗುತ್ತದೆ. ದೊಡ್ಡ ಟಾಪ್ ಬಾಕ್ಸ್‌ಗಳಿಗೆ ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 10 ಕಿಲೋ. ಇಟಲಿಯ ಗಿವಿ ಕಂಪನಿ ತನ್ನ ಮೊನೊಕೀ ಸಾಲಿನ ದೊಡ್ಡ ಬಾಕ್ಸ್‌ಗಳಿಗೆ ಹೇಳುವುದೂ ಅಷ್ಟೇ, ಜೊತೆಗೆ ಗಂಟೆಗೆ 120 ಕಿಲೋಮೀಟರ್ ದಾಟಬೇಡಿ ಅನ್ನುತ್ತದೆ. ಚಿಕ್ಕ ಬಾಕ್ಸ್‌ಗಳ ಮಿತಿ 3ರಿಂದ 5 ಕಿಲೋ ಇರುವುದೇ ಹೆಚ್ಚು. ಬಾಕ್ಸಿನ ಒಳಗಡೆ, ಮುಚ್ಚಳದ ಮೇಲೆ ಅಥವಾ ತಳದಲ್ಲಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ತೆಗೆದುಕೊಂಡ ದಿನ ಒಂದು ಸಲ ನೋಡಿದ್ದರೂ ನೋಡಿರಬಹುದು, ಆಮೇಲೆ ಅದರ ಮೇಲೆ ರೇನ್‌ಕೋಟ್ ಬಿದ್ದಿರುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ತೂಗಿ

ಯಾವ ದೋಷವೇ ಇರಲಿ, ಮೊದಲ ಕೆಲಸ ತೂಕ. ಸೂಟ್‌ಕೇಸ್ ನೇತುಹಾಕಿ ತೂಗುವ ಚಿಕ್ಕ ಕಾಟಾ ಇದ್ದರೆ ಸಾಕು. ಇಲ್ಲದಿದ್ದರೆ ಕಿರಾಣಿ ಅಂಗಡಿಗೆ ಹೋಗಿ. ಬಾಕ್ಸ್ ಬಿಚ್ಚಿ, ನೀವು ದಿನಾ ಒಯ್ಯುವ ಸಾಮಾನು ಹಾಗೇ ಇರಲಿ, ತೂಗಿ. ಆಮೇಲೆ ಖಾಲಿ ಮಾಡಿ ಮತ್ತೊಮ್ಮೆ ತೂಗಿ. ಎರಡೂ ಅಂಕಿ ಬೇಕು, ಯಾಕೆಂದರೆ ಬಾಕ್ಸಿನ ಮಿತಿ ಒಳಗಿನ ಸಾಮಾನಿಗೆ ಹೇಳಿದ್ದು, ಕ್ಯಾರಿಯರ್ ಹೊರುವುದು ಬಾಕ್ಸ್, ಪ್ಲೇಟ್, ಸಾಮಾನು ಮೂರನ್ನೂ.

ಇಲ್ಲಿ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸುವ ತಗಡಿನ ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ನೋಡಲು ಮಸ್ತ್ ಇರುತ್ತವೆ, ಅಡ್ವೆಂಚರ್ ಗಾಡಿ ಥರ ಕಾಣುತ್ತವೆ, ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. 45 ಸೆಂಟಿಮೀಟರ್ ಉದ್ದ, 35 ಅಗಲ, 35 ಎತ್ತರದ ಪೆಟ್ಟಿಗೆಯನ್ನು 1.2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ ಮಾಡಿದರೆ ಬರೀ ತಗಡೇ 8 ಕಿಲೋ ಮೇಲೆ. ಮೂಲೆಗೆ ಆ್ಯಂಗಲ್, ಹಿಂಜ್, ಕೊಂಡಿ, ಪೇಂಟ್ ಎಲ್ಲ ಸೇರಿ 10 ದಾಟುತ್ತದೆ. ಅಂದರೆ ಕ್ಯಾರಿಯರಿಗೆ ಖಾಲಿ ಪೆಟ್ಟಿಗೆಯೇ ಪೂರ್ತಿ ಭಾರ. ಒಳಗೆ ಊಟದ ಡಬ್ಬಿ ಇಟ್ಟರೂ ಅದು ಮಿತಿಯ ಮೇಲಿನದ್ದೇ. ಹಾಗಾದರೆ ಅಲ್ಯೂಮಿನಿಯಂ? ಅದರ ತೂಕ ಉಕ್ಕಿನ ಮೂರನೇ ಒಂದು ಪಾಲು. ತಗಡು ಸ್ವಲ್ಪ ದಪ್ಪ ಬೇಕಾಗುತ್ತದೆ, ಆದರೂ ಅರ್ಧ ಭಾರ ಉಳಿಯುತ್ತದೆ. ಆದರೆ ಅದಕ್ಕೆ ವೆಲ್ಡಿಂಗ್ ಬರುವವರು ಬೇರೆ ಬೇಕು.

ನಮ್ಮ ಕಡೆಯ ಸಾಮಾನುಗಳೂ ಮೋಸ ಮಾಡುತ್ತವೆ. ಬೀದರಿನ ಬಿದ್ರಿ ವಸ್ತುಗಳಲ್ಲಿ ಹೆಚ್ಚಿನ ಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ನೀರಿಗಿಂತ ಏಳು ಪಟ್ಟು ಭಾರದ ಲೋಹ ಅದು. ಉಡುಗೊರೆಗೆ ಅಂತ ಒಯ್ಯುವ ಚಿಕ್ಕ ರಟ್ಟಿನ ಡಬ್ಬಿಯನ್ನೇ ಎತ್ತಿ ನೋಡಿ, ಗೊತ್ತಾಗುತ್ತದೆ. ಶಹಾಬಾದ್ ಫರ್ಸಿ ಕಲ್ಲು ಎರಡು ಅಡಿಗೆ ಎರಡು ಅಡಿ, ಒಂದು ಇಂಚು ದಪ್ಪದ್ದು ಒಂದೇ 24 ಕಿಲೋ ಆಗುತ್ತದೆ. ಸ್ಯಾಂಪಲ್ ತೋರಿಸುವವರು ಅದನ್ನು ತುಂಡು ಮಾಡಿ ಸೈಡ್ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಮೆಡಿಕಲ್ ರೆಪ್‌ಗಳ ಬ್ರೋಷರ್ ಕಟ್ಟು, ಪುಸ್ತಕ, ಟೈಲ್ಸ್ ಕ್ಯಾಟಲಾಗ್, ಇವೆಲ್ಲ ನೋಡಲು ಚಿಕ್ಕದು, ತೂಕ ಜಾಸ್ತಿ. ಮೇ ತಿಂಗಳಲ್ಲಿ ನೀರಿನ ಕ್ಯಾನ್ ಬಿಟ್ಟು ಯಾರೂ ಹೊರಡುವುದಿಲ್ಲ, 5 ಲೀಟರ್ ಕ್ಯಾನ್ ಅಂದರೆ ಅಲ್ಲೇ 5 ಕಿಲೋ. ಪೆಟ್ರೋಲ್ ಸ್ವಲ್ಪ ಹಗುರ, ಲೀಟರಿಗೆ ಮುಕ್ಕಾಲು ಕಿಲೋ. ಆದರೆ ಅದನ್ನು ಬಾಕ್ಸಿನಲ್ಲಿ ಒಯ್ಯಬೇಡಿ, ಅದು ತೂಕದ ಮಾತಲ್ಲ.

ಮಿತಿ ಒಂದಲ್ಲ, ಐದಾರು

ಬಾಕ್ಸ್, ಬಾಕ್ಸ್ ಕೂರುವ ಪ್ಲೇಟ್, ಪ್ಲೇಟ್ ಹಿಡಿದ ಕ್ಯಾರಿಯರ್, ಕ್ಯಾರಿಯರ್ ಹಿಡಿದ ಸೀಟಿನ ಕೆಳಗಿನ ಚೌಕಟ್ಟು ಅಂದರೆ ಸಬ್‌ಫ್ರೇಮ್, ಹಿಂದಿನ ಟೈರ್, ಕೊನೆಗೆ ಇಡೀ ಗಾಡಿ. ಪ್ರತಿಯೊಂದಕ್ಕೂ ಒಂದೊಂದು ಮಿತಿ ಇದೆ. ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. 10 ಕಿಲೋ ಬಾಕ್ಸ್ ತಂದು, 5 ಕಿಲೋ ಕ್ಯಾರಿಯರ್ ಮೇಲೆ ಕೂಡಿಸಿದರೆ ಮುರಿಯುವುದು ಕ್ಯಾರಿಯರ್. ಆಗ ಬಾಕ್ಸಿಗೆ ಏನೂ ಆಗಿರುವುದಿಲ್ಲ. "ಬಾಕ್ಸ್ ಗಟ್ಟಿ ಇದೆ, ಕ್ಯಾರಿಯರ್ ಡೂಪ್ಲಿಕೇಟ್" ಅಂತ ಮತ್ತೊಂದು ಕ್ಯಾರಿಯರ್ ಹಾಕಿಸುತ್ತಾರೆ. ಈ ಸಲ ದಪ್ಪ ಪೈಪಿನದು. ಆಗ ಬಿರುಕು ಸಬ್‌ಫ್ರೇಮಿಗೆ ದಾಟುತ್ತದೆ. ಕ್ಯಾರಿಯರ್ ಹೊಸದು ಹಾಕಿಸಬಹುದು, ಸಬ್‌ಫ್ರೇಮ್ ಹೋದರೆ ಖರ್ಚು ಬೇರೆಯದೇ ಲೆಕ್ಕ.

ಇಡೀ ಗಾಡಿಯ ಮಿತಿ ಮ್ಯಾನುವಲ್‌ನಲ್ಲಿ ಇರುತ್ತದೆ. ನೂರು ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 130 ಕಿಲೋ ಆಸುಪಾಸು. ಸವಾರ, ಹಿಂದೆ ಕೂರುವವರು, ಸಾಮಾನು, ಬಾಕ್ಸ್, ಕ್ಯಾರಿಯರ್ ಎಲ್ಲ ಇದರಲ್ಲೇ. 65 ಕಿಲೋ ಸವಾರ, 60 ಕಿಲೋ ಹೆಂಡತಿ ಕೂತರೆ ಉಳಿಯುವುದು 5 ಕಿಲೋ. ಅಷ್ಟರಲ್ಲಿ ಖಾಲಿ ಬಾಕ್ಸೇ ಬರುವುದು ಕಷ್ಟ. ಇಬ್ಬರು ಕೂತು, ಬಾಕ್ಸ್ ತುಂಬಿಕೊಂಡು ಗಾಣಗಾಪುರಕ್ಕೆ ಹೋಗಿ ಬಂದು "ಗಾಡಿ ಎಳೆಯುತ್ತಿಲ್ಲ, ಹಿಂದೆ ತೂಗಾಡುತ್ತದೆ" ಅಂದರೆ, ಗಾಡಿಯಲ್ಲಿ ಹುಡುಕುವುದು ಏನಿದೆ? ಒಬ್ಬರೇ ಇದ್ದರೆ 65 ಕಿಲೋ ಉಳಿಯುತ್ತದೆ ನಿಜ. ಹಾಗಂತ ಅದನ್ನೆಲ್ಲ ಹಿಂದಿನ ಬಾಕ್ಸಿಗೆ ಹಾಕುವ ಹಾಗಿಲ್ಲ, ಬಾಕ್ಸಿನ 10 ಹತ್ತೇ.

ಟೈರಿನ ಮಿತಿ ಟೈರಿನ ಮೇಲೇ ಬರೆದಿರುತ್ತದೆ. ಅಳತೆಯ ಪಕ್ಕದಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತದೆ. ಅಂಕಿ 52 ಇದ್ದರೆ ಆ ಟೈರ್ ಹೊರುವುದು 200 ಕಿಲೋ, 54 ಇದ್ದರೆ 212, 62 ಇದ್ದರೆ 265. ಇದು ಗಾಳಿ ಪೂರ್ತಿ ಇದ್ದಾಗಿನ ಮಾತು. ಗಾಳಿ ಕಡಿಮೆ ಇದ್ದರೆ ಈ ಅಂಕಿಗೆ ಬೆಲೆ ಇಲ್ಲ.

ಹಿಂದಿನ ಚಕ್ರದ ಮೇಲೆ ನಿಜಕ್ಕೂ ಎಷ್ಟು ಬಿದ್ದಿದೆ ಅಂತ ನೋಡಬೇಕಾ? ಎಪಿಎಂಸಿಯಲ್ಲಿ ಪರಿಚಯದ ಅಡತಿ ಅಂಗಡಿ ಇದ್ದರೆ ಸುಲಭ. ತೊಗರಿ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಮೇಲೆ ಹಿಂದಿನ ಚಕ್ರ ಇಡಿ. ಮುಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರಕ್ಕೆ ಇಟ್ಟಿಗೆ ಅಥವಾ ಹಲಗೆ ಕೊಡಿ, ಗಾಡಿ ಸಮತಟ್ಟಾಗಿ ನಿಲ್ಲಬೇಕು. ನೀವು ಹತ್ತಿ ಕೂತು ಎರಡೂ ಕಾಲು ಫುಟ್‌ರೆಸ್ಟ್ ಮೇಲೆ ಇಡಿ, ಒಬ್ಬರು ಪಕ್ಕದಲ್ಲಿ ಬೀಳದಂತೆ ಸುಮ್ನೆ ಬೆರಳು ತಾಗಿಸಿ ಹಿಡಿಯಲಿ. ಆ ಅಂಕಿ ಟೈರಿನ ಅಂಕಿಗಿಂತ ಕಡಿಮೆ ಇರಬೇಕು. ಆಮೇಲೆ ಮುಂದಿನ ಚಕ್ರವನ್ನೂ ಹಾಗೇ ತೂಗಿ, ಖಾಲಿ ಬಾಕ್ಸ್ ಒಮ್ಮೆ, ತುಂಬಿದ ಬಾಕ್ಸ್ ಒಮ್ಮೆ. ತುಂಬಿದಾಗ ಮುಂದಿನ ಅಂಕಿ ಇಳಿದಿರುತ್ತದೆ. ಇದನ್ನು ನೋಡಿ ಬಹಳ ಜನ ಆಶ್ಚರ್ಯಪಡುತ್ತಾರೆ. ಟಾಪ್ ಬಾಕ್ಸ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಎರಡು ಚಕ್ರಗಳ ನಡುವೆ 1,236 ಮಿಲಿಮೀಟರ್ ಇರುವ ಸ್ಪ್ಲೆಂಡರ್‌ನಲ್ಲಿ, ಆಕ್ಸಲ್‌ನಿಂದ 30 ಸೆಂಟಿಮೀಟರ್ ಹಿಂದೆ 20 ಕಿಲೋ ಇಟ್ಟರೆ ಹಿಂದಿನ ಚಕ್ರಕ್ಕೆ ಬೀಳುವುದು ಸುಮಾರು 25 ಕಿಲೋ. ಮುಂದಿನ ಚಕ್ರದಿಂದ ಸುಮಾರು 5 ಕಿಲೋ ಎದ್ದು ಬಿಡುತ್ತದೆ. ಹ್ಯಾಂಡಲ್ ಹಗುರ ಅನಿಸುವುದು ಇದಕ್ಕೇ.

ಕೈಯಿಂದ ಅಲ್ಲಾಡಿಸಿ ಹುಡುಕುವುದು

ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ನೆಲ ಗಟ್ಟಿ ಇರಲಿ. ಎಂಜಿನ್ ಬಂದ್. ಬಾಕ್ಸಿನಲ್ಲಿ ಮಾಮೂಲಿ ಸಾಮಾನು ಇರಲಿ. ಹಿಂದೆ ಕುಕ್ಕರಗಾಲಲ್ಲಿ ಕೂತು ಬಾಕ್ಸನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ತಳ್ಳಿ. ಜೋರಾಗಿ ಬೇಡ. ಈಗ ನೋಡಬೇಕಾದ್ದು ಬಾಕ್ಸನ್ನಲ್ಲ, ಎರಡು ಭಾಗ ಕೂಡುವ ಜಾಗಗಳನ್ನು. ಇನ್ನೊಬ್ಬರು ಒಂದೊಂದು ಕೂಡಿಗೂ ಬೆರಳು ಇಡಲಿ, ಅರ್ಧ ಬೆರಳು ಈ ಭಾಗದ ಮೇಲೆ, ಅರ್ಧ ಆ ಭಾಗದ ಮೇಲೆ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಗೊತ್ತಾಗುತ್ತದೆ.

ಬಾಕ್ಸ್ ಅಲುಗುತ್ತದೆ, ಪ್ಲೇಟ್ ಅಲುಗುವುದಿಲ್ಲ ಅಂದರೆ ದೋಷ ಬಾಕ್ಸಿನ ಕೊಂಡಿಯಲ್ಲಿ. ಕೊಂಡಿಯ ನಾಲಿಗೆ ಸವೆದಿರುತ್ತದೆ, ಇಲ್ಲವೇ ಪ್ಲೇಟಿನ ರಬ್ಬರ್ ಬಿದ್ದುಹೋಗಿರುತ್ತದೆ. ರಬ್ಬರ್ ಚಿಕ್ಕ ಸಾಮಾನು, ಆದರೆ ಅದಿಲ್ಲದೆ ಬಾಕ್ಸ್ ಪ್ಲೇಟಿನ ಮೇಲೆ ಕುಣಿಯುತ್ತದೆ, ಕುಣಿದಷ್ಟೂ ನಾಲಿಗೆ ಸವೆಯುತ್ತದೆ. ಸೈಕಲ್ ಟ್ಯೂಬಿನ ತುಂಡು ಇಟ್ಟು ಪರೀಕ್ಷೆ ಮಾಡಿ. ಅಲುಗಾಟ ನಿಂತರೆ ದೋಷ ಸಿಕ್ಕಿತು.

ಬಾಕ್ಸ್, ಪ್ಲೇಟ್ ಎರಡೂ ಒಟ್ಟಿಗೆ ಅಲುಗಿ, ಕ್ಯಾರಿಯರ್ ಸುಮ್ಮನಿದ್ದರೆ ಪ್ಲೇಟಿನ ಬೋಲ್ಟ್. ಇಲ್ಲಿ ಹತ್ತಿರದಿಂದ ನೋಡಿ. ಬೋಲ್ಟಿನ ವಾಷರ್ ಸುತ್ತ ನುಣ್ಣಗಿನ ಪುಡಿ ಕೂತಿರುತ್ತದೆ. ಉಕ್ಕಿನ ಮೇಲಾದರೆ ಕಾವಿ ಬಣ್ಣ, ಅಲ್ಯೂಮಿನಿಯಂ ಪ್ಲೇಟಾದರೆ ಕಪ್ಪು. ಬೆರಳಿನಿಂದ ಒರೆಸಿದರೆ ಕಾಡಿಗೆ ಥರ ಅಂಟುತ್ತದೆ. ಅದು ರಸ್ತೆಯ ಧೂಳಲ್ಲ. ಎರಡು ಲೋಹ ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಉದುರಿದ ಪುಡಿ. ಪುಡಿ ಇದ್ದ ಕಡೆ ಬೋಲ್ಟ್ ಸಡಿಲ ಅಂತಲೇ ಅರ್ಥ, ಸ್ಪ್ಯಾನರ್ ಹಾಕಿದಾಗ ಬಿಗಿ ಅನಿಸಿದರೂ. ಬಿಚ್ಚಿ ನೋಡಿದರೆ ತೂತು ಗುಂಡಗೆ ಉಳಿದಿರುವುದಿಲ್ಲ, ಮೊಟ್ಟೆ ಆಕಾರಕ್ಕೆ ಬಂದಿರುತ್ತದೆ. ಅಂಥ ತೂತಿಗೆ ಮತ್ತೆ ಅದೇ ಬೋಲ್ಟ್ ಬಿಗಿದು ಪ್ರಯೋಜನ ಇಲ್ಲ. ದೊಡ್ಡ ವಾಷರ್ ಹಾಕಿದರೆ ಕೆಲವು ದಿನ ಓಡುತ್ತದೆ, ಪ್ಲೇಟ್ ಬದಲಿಸುವುದೇ ಸರಿ.

ಕ್ಯಾರಿಯರ್ ಸಮೇತ ಅಲುಗಿದರೆ ಕ್ಯಾರಿಯರ್ ಗಾಡಿಗೆ ಕೂಡುವ ನಾಲ್ಕು ಜಾಗ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಹಿಂದೆ ಕೂರುವವರು ಹಿಡಿಯುವ ಗ್ರ್ಯಾಬ್ ರೈಲಿನ ಬೋಲ್ಟುಗಳಿಗೇ ಕ್ಯಾರಿಯರ್ ಹಾಕುತ್ತಾರೆ. ನಡುವೆ ಸ್ಪೇಸರ್ ಇಡುತ್ತಾರೆ. ಸ್ಪೇಸರ್ ಉದ್ದ ಆದಷ್ಟೂ ಬೋಲ್ಟ್ ಬಾಗುತ್ತದೆ. ಬೋಲ್ಟಿನ ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಅಂತ ಬರೆದಿದೆಯಾ ನೋಡಿ. ಏನೂ ಬರೆಯದ ಬೋಲ್ಟನ್ನು ಈ ಕೆಲಸಕ್ಕೆ ನಂಬಬೇಡಿ. 8.8 ದರ್ಜೆಯ ಎಂ6, ಅಂದರೆ 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್, ಎಂ8ಕ್ಕೆ ಸುಮಾರು 25 ಬಿಗಿತ ಸಾಕು. ಪೈಪ್ ಸಿಕ್ಕಿಸಿ ಜಗ್ಗುವುದು ಬೇಡ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಬಿಚ್ಚಿದರೆ ಹೊಸದೇ ಹಾಕಿ.

ಎಲ್ಲವೂ ಗಟ್ಟಿ, ಆದರೂ ಗಾಡಿಯ ಹಿಂಭಾಗವೇ ಅಲುಗುತ್ತದೆ ಅಂದರೆ ಬಾಕ್ಸ್ ಬಿಡಿ, ಹಿಂದಿನ ಚಕ್ರ ಹಿಡಿದು ಅಲ್ಲಾಡಿಸಿ. ಚಕ್ರ ಅಲುಗಿದರೆ ವೀಲ್ ಬೇರಿಂಗ್ ಇಲ್ಲವೇ ಹಿಂದಿನ ಚಕ್ರ ಹಿಡಿದ ತೋಳಿನ, ಅಂದರೆ ಸ್ವಿಂಗ್‌ಆರ್ಮ್ ಬುಶ್. ಇವು ಬಾಕ್ಸಿನಿಂದ ಬಂದ ರೋಗ ಅಲ್ಲ. ಮೊದಲೇ ಇದ್ದವು, ಭಾರ ಬಿದ್ದ ಮೇಲೆ ಹೊರಗೆ ಬಂದವು.

ಬಿರುಕು

ಬಿರುಕು ಪೈಪಿನ ಮಧ್ಯದಲ್ಲಿ ಬರುವುದು ಅಪರೂಪ. ಬರುವುದು ವೆಲ್ಡಿಂಗ್ ಮುಗಿದು ಪೈಪ್ ಶುರುವಾಗುವ ಅಂಚಿನಲ್ಲಿ, ಅಥವಾ ಬೋಲ್ಟ್ ತೂತಿನ ಬಾಯಿಯಲ್ಲಿ. ಪೇಂಟ್ ಮೇಲೆ ಕೂದಲಿನಂಥ ಗೆರೆ, ಆ ಗೆರೆಯಿಂದ ಕೆಳಗೆ ಇಳಿದ ತುಕ್ಕಿನ ಕಲೆ. ಮಳೆಗಾಲ ಆದ ಮೇಲೆ ನೋಡಿದರೆ ಈ ಕಲೆ ಚೆನ್ನಾಗಿ ಕಾಣುತ್ತದೆ.

ಸಂಶಯ ಇದ್ದರೆ ಹಳೆಯ ವಿದ್ಯೆ ಇದೆ. ಆ ಜಾಗ ಒರೆಸಿ, ಸೀಮೆಎಣ್ಣೆ ಹಚ್ಚಿ, ಸಿಗದಿದ್ದರೆ ಡೀಸೆಲ್. ಹದಿನೈದು ನಿಮಿಷ ಬಿಡಿ. ಬಟ್ಟೆಯಿಂದ ಪೂರ್ತಿ ಒಣಗುವಂತೆ ಒರೆಸಿ. ಈಗ ಸೀಮೆಸುಣ್ಣ ತೇಯ್ದು ಪುಡಿ ಬಳಿಯಿರಿ. ಬಾಕ್ಸ್ ಹಿಡಿದು ನಾಲ್ಕು ಸಲ ಅಲ್ಲಾಡಿಸಿ. ಬಿರುಕು ಇದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಪೇಂಟಿನ ಗೀರಾದರೆ ಗೆರೆ ಬರುವುದಿಲ್ಲ.

ಒಂದೇ ದೊಡ್ಡ ಗುಂಡಿಗೆ ಬಿದ್ದು ಮುರಿಯುವುದು ಕಡಿಮೆ. ಮುರಿಸುವುದು ದಿನಾ ಬೀಳುವ ಸಣ್ಣ ಹೊಡೆತ. ಗುಂಡಿ, ಹಂಪ್ ಹಾರಿದಾಗ ಬಾಕ್ಸಿನ ಮೇಲೆ ನಿಂತ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ, 10 ಕಿಲೋ ಬಾಕ್ಸ್ ಆ ಕ್ಷಣಕ್ಕೆ 30 ಕಿಲೋ. ವೆಲ್ಡಿಂಗ್ ಕೂಡುಗಳಿಗೆ ಎಂಜಿನಿಯರುಗಳು ಬಳಸುವ ಒಂದು ಲೆಕ್ಕ ಇದೆ: ಹೊಡೆತದ ಬಲ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 10 ಕಿಲೋದಲ್ಲಿ ನಾಲ್ಕು ವರ್ಷ ಬರುವ ಕೂಡು 20 ಕಿಲೋದಲ್ಲಿ ಆರು ತಿಂಗಳು. "ಇಷ್ಟು ದಿನ 20 ಕಿಲೋ ಒಯ್ದೆ, ಏನೂ ಆಗಲಿಲ್ಲ" ಅನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಆರನೇ ತಿಂಗಳು ಇನ್ನೂ ಬಂದಿಲ್ಲ ಅಷ್ಟೇ.

ಎರೆ ಭೂಮಿಯ ರಸ್ತೆ ಇದಕ್ಕೆ ತುಪ್ಪ ಸುರಿಯುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಗುಂಡಿ ಕಾಣದ ರಸ್ತೆಯಲ್ಲೂ ಗಾಡಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಜೇವರ್ಗಿ, ಶಹಾಪುರ ಕಡೆ ದಿನಾ ಓಡಾಡುವವರಿಗೆ ಇದು ಗೊತ್ತು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಅಲೆ ಕಡಿಮೆ. ಸೇಡಂ, ವಾಡಿ, ಮಳಖೇಡ ಸುತ್ತ ಸಿಮೆಂಟ್ ಲಾರಿಗಳ ಕಾಟ ಬೇರೆ. ಇಂಥ ದಾರಿಯಲ್ಲಿ ದಿನಾ ಓಡುವ ಗಾಡಿಗೆ ನಾನು ಹೇಳುವುದು ತಯಾರಕರ ಮಿತಿಯ ಮುಕ್ಕಾಲು ಪಾಲು. 10 ಅಂದಲ್ಲಿ 7. ಇದು ನನ್ನ ಲೆಕ್ಕ, ಮ್ಯಾನುವಲ್‌ದಲ್ಲ.

ಹ್ಯಾಂಡಲ್ ನಡುಕ, ಹಿಂಬದಿಯ ತೂಗಾಟ

ಇವೆರಡನ್ನೂ ಜನ ಒಂದೇ ಅಂತ ಹೇಳುತ್ತಾರೆ. ಬೇರೆ ಬೇರೆ. ಹ್ಯಾಂಡಲ್ ಮಾತ್ರ ಪಟಪಟ ಅಂತ ವೇಗವಾಗಿ ಬಡಿದುಕೊಂಡರೆ ಅದು ನಡುಕ. ಸಾಮಾನ್ಯವಾಗಿ ಗಂಟೆಗೆ 50ರಿಂದ 80 ಕಿಲೋಮೀಟರ್ ನಡುವೆ, ಅದರಲ್ಲೂ ವೇಗ ಇಳಿಯುವಾಗ ಕಾಣುತ್ತದೆ. ಮುಂದಿನ ಚಕ್ರ ಹಗುರ ಆಗಿದ್ದು ಒಂದು ಕಾರಣ. ಆದರೆ ಬಾಕ್ಸ್ ತೆಗೆದ ಮೇಲೂ ಸ್ವಲ್ಪ ಉಳಿದಿದ್ದರೆ ಹ್ಯಾಂಡಲ್ ಕೆಳಗಿನ ಬೇರಿಂಗ್, ಅಂದರೆ ಕೋನ್ ಸೆಟ್ ನೋಡಿಸಿ. ಮುಂದಿನ ಟೈರ್ ಸವೆದು ಮೆಟ್ಟಿಲಾಗಿದ್ದರೂ ಹೀಗೆ ಆಗುತ್ತದೆ.

ಹಿಂಭಾಗ ಮೀನಿನ ಬಾಲದ ಹಾಗೆ ನಿಧಾನವಾಗಿ, ಸೆಕೆಂಡಿಗೆ ಎರಡು ಮೂರು ಸಲ ಆಚೆ ಈಚೆ ಹೋದರೆ ಅದು ತೂಗಾಟ. ಇಡೀ ಗಾಡಿ ಅದರ ಜೊತೆ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಗೆ ಹತ್ತಿದ ಮೇಲೆ, ನೆಟ್ಟಗಿನ ರಸ್ತೆ ಸಿಕ್ಕಾಗಲೇ ಇದು ಶುರುವಾಗುವುದು. ಪಕ್ಕದಿಂದ ಲಾರಿ ಹಾದರೆ ಇನ್ನೂ ಜಾಸ್ತಿ. ಕಾರಣ ಹುಡುಕುವ ಸಾಲು ಹೀಗಿರಲಿ: ಹಿಂದಿನ ಟೈರಿನ ಗಾಳಿ, ಬಾಕ್ಸಿನ ಅಲುಗಾಟ, ಶಾಕ್ ಅಬ್ಸಾರ್ಬರ್, ಸ್ವಿಂಗ್‌ಆರ್ಮ್ ಬುಶ್. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಿ, ಇಬ್ಬರು ಕೂತಾಗಿನ ಅಂಕಿಗೆ ತುಂಬಿಸಿ. ಆ ಅಂಕಿ ಚೈನ್ ಕವರ್ ಅಥವಾ ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಬಹಳ ಗಾಡಿಗಳ ತೂಗಾಟ ಪಂಕ್ಚರ್ ಅಂಗಡಿಯಲ್ಲೇ ಮುಗಿದುಹೋಗುತ್ತದೆ.

ಓಡಿಸುವಾಗ ಶುರುವಾದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಜಗ್ಗಾಡಬೇಡಿ. ಟ್ಯಾಂಕನ್ನು ಮೊಣಕಾಲಲ್ಲಿ ಒತ್ತಿ ಹಿಡಿದು, ಸ್ವಲ್ಪ ಮುಂದೆ ಬಾಗಿ, ಎಕ್ಸಲೇಟರ್ ನಿಧಾನ ಬಿಡಿ.

ಶಾಕ್ ಕುಸಿದಿದೆಯಾ ಅನ್ನುವುದಕ್ಕೆ ಗುರುತು ಸುಲಭ. ರಾತ್ರಿ ಎದುರಿನ ಲಾರಿಯವರೆಲ್ಲ ನಿಮಗೆ ಡಿಪ್ಪರ್ ಹೊಡೆಯುತ್ತಿದ್ದಾರಾ, ನೀವು ಲೋ ಬೀಮ್‌ನಲ್ಲೇ ಇದ್ದರೂ? ಹಿಂದೆ ಕೂತು ಮುಂದೆ ಎದ್ದಿದೆ, ಹೆಡ್‌ಲೈಟ್ ಅವರ ಕಣ್ಣಿಗೆ ಬೀಳುತ್ತಿದೆ. ಇನ್ನೊಂದು ಗುರುತು ಸೈಡ್ ಸ್ಟ್ಯಾಂಡ್. ಭಾರ ಹೇರಿದಾಗ ಗಾಡಿ ಮಾಮೂಲಿಗಿಂತ ನೇರ ನಿಲ್ಲುತ್ತದೆ, ಸ್ವಲ್ಪ ಗಾಳಿಗೂ ಆಚೆ ಬದಿಗೆ ಬೀಳುವ ಹಾಗೆ. ಎರೆ ಹೊಲದ ಬದಿಯಲ್ಲಾದರೆ ಉಲ್ಟಾ, ಸ್ಟ್ಯಾಂಡ್ ಮಣ್ಣಿನಲ್ಲಿ ಇಳಿದು ಈಚೆ ಬೀಳುತ್ತದೆ. ಒಂದು ಚಿಕ್ಕ ಫರ್ಸಿ ತುಂಡು ಜೊತೆಗಿರಲಿ, ಅದರ ಮೇಲೆ ಸ್ಟ್ಯಾಂಡ್ ಇಡಿ. ಎರಡು ಶಾಕ್ ಇರುವ ಗಾಡಿಗಳಲ್ಲಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಕಾಲರ್ ಇರುತ್ತದೆ. ಟೂಲ್‌ಕಿಟ್‌ನ ಕೊಕ್ಕೆ ಸ್ಪ್ಯಾನರ್‌ನಿಂದ ಎರಡೂ ಬದಿಗೆ ಒಂದೇ ಮೆಟ್ಟಿಲಿಗೆ ಏರಿಸಿ. ಒಂದು ಬದಿ ಎರಡು, ಇನ್ನೊಂದು ಬದಿ ನಾಲ್ಕು ಇರುವ ಗಾಡಿಗಳನ್ನೂ ನೋಡಿದ್ದೇನೆ. ಸ್ಪ್ರಿಂಗ್ ಬಿಗಿ ಮಾಡಿದರೆ ಗಾಡಿ ಎದ್ದು ನಿಲ್ಲುತ್ತದೆ, ಆದರೆ ಹೊರುವ ಮಿತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಚೈನ್ ಬಿಗಿತವನ್ನೂ ಭಾರ ಹೇರಿ ಒಮ್ಮೆ ನೋಡಿ. ಖಾಲಿ ಇದ್ದಾಗ ಸರಿ ಇದ್ದ ಚೈನ್ ಹಿಂಭಾಗ ಕೂತಾಗ ತಂತಿಯಂತೆ ಬಿಗಿಯಬಾರದು.

ಸೈಡ್ ಬಾಕ್ಸ್ ಮತ್ತು ಸೀರೆ ಗಾರ್ಡ್

ಇಲ್ಲಿ ನಮ್ಮ ದೇಶದ್ದೇ ಒಂದು ದೋಷ ಇದೆ. ಎಡಬದಿಯ ಸೈಡ್ ಬಾಕ್ಸನ್ನು ಸೀರೆ ಗಾರ್ಡಿಗೆ ತಗುಲಿಹಾಕುವುದು. ಹಿಂದಿನ ಚಕ್ರಕ್ಕೆ ಸೀರೆ, ದುಪ್ಪಟ್ಟಾ ಸಿಗದಿರಲಿ ಅಂತ ಮೋಟಾರು ವಾಹನ ನಿಯಮಗಳ 123ನೇ ನಿಯಮ ಕೇಳುವ ಕವಚ ಅದು. ತೂಕ ಹೊರಲು ಮಾಡಿದ್ದಲ್ಲ. ಕಬ್ಬಿಣದ್ದು ಕಾಣುತ್ತದೆ ಅಂತ ನಂಬುತ್ತಾರೆ. ಮೇಲಿನ ಒಂದು ಬೋಲ್ಟ್ ಸಡಿಲವಾದರೆ ಗಾರ್ಡ್ ಬಾಗಿ ಬ್ಯಾಗ್ ಸೀದಾ ಕಡ್ಡಿಗಳ ಕಡೆ ಹೋಗುತ್ತದೆ. ಬ್ಯಾಗಿನ ಒಳಬದಿಯಲ್ಲಿ ಕಮಾನಿನ ಆಕಾರದ ಉಜ್ಜಿದ ಗುರುತು ಕಂಡರೆ ಅದೇ ದಿನ ಬಿಚ್ಚಿ. ಬ್ಯಾಗ್ ಹೊರಲು ಬೇರೆ ಸ್ಟೇ, ಅಂದರೆ ಪೈಪಿನ ಆಧಾರ ಹಾಕಿಸಿ, ಅದು ಫ್ರೇಮಿಗೆ ಬಿಗಿಯಬೇಕು, ಗಾರ್ಡಿಗಲ್ಲ.

ಬಲಬದಿಯಲ್ಲಿ ಸೈಲೆನ್ಸರ್. ಬಟ್ಟೆಯ ಬ್ಯಾಗ್ ಖಾಲಿ ಇದ್ದಾಗ ದೂರ ಇರುತ್ತದೆ, ತುಂಬಿದಾಗ ಜೋತು ಬಿದ್ದು ತಾಗುತ್ತದೆ. ಅಂತರ ಅಳೆಯುವುದಾದರೆ ತುಂಬಿಸಿ, ಗಾಡಿಯ ಮೇಲೆ ಒಬ್ಬರು ಕೂತು ಅಳೆಯಿರಿ. ಸೈಲೆನ್ಸರ್ ತಪ್ಪಿಸಲು ಬಲದ ಬಾಕ್ಸ್ ಸ್ವಲ್ಪ ಹೊರಗೆ ಇರುತ್ತದೆ, ಹಾಗಾಗಿ ಅದೇ ತೂಕ ಅಲ್ಲಿ ಜಾಸ್ತಿ ಎಳೆಯುತ್ತದೆ. ಕೈ ಸಡಿಲಿಸಿದಾಗ ಗಾಡಿ ಬಲಕ್ಕೆ ವಾಲಿದರೆ ಬಲದಿಂದ ಒಂದೊಂದೇ ಕಿಲೋ ತೆಗೆದು ಎಡಕ್ಕೆ ಹಾಕಿ ನೋಡಿ. ಭಾರದ ಸಾಮಾನು ತಳದಲ್ಲಿ, ಮುಂದಿನ ಬದಿಗೆ. ಹಗುರದ್ದು ಟಾಪ್ ಬಾಕ್ಸಿಗೆ. ಒಬ್ಬರೇ ಹೋಗುವಾಗ ಎಲ್ಲಕ್ಕಿಂತ ಭಾರದ್ದನ್ನು ಹಿಂದಿನ ಸೀಟಿನ ಮೇಲೆ ಬಿಗಿದು ಕಟ್ಟುವುದೇ ಒಳ್ಳೆಯದು, ಬಾಕ್ಸ್ ಇದೆ ಅಂತ ಬಾಕ್ಸಿಗೇ ಹಾಕಬೇಕಿಲ್ಲ.

ದೊಡ್ಡ ಡೆಲಿವರಿ ಬಾಕ್ಸ್ ಹಾಕುವವರಿಗೆ ಕಾನೂನಿನ ಅಳತೆಯೂ ಇದೆ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ತಿದ್ದುಪಡಿಯಲ್ಲಿ ಬಾಕ್ಸ್ ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂದೆ ಕೂರುವವರ ಜಾಗದಲ್ಲೇ ಬಾಕ್ಸ್ ಇಟ್ಟರೆ ಗಾಡಿಯಲ್ಲಿ ಒಬ್ಬರೇ ಇರಬೇಕು.

ಮುಚ್ಚಳ ತೆರೆದುಕೊಳ್ಳುವುದು

ಎರಡೇ ಕಾರಣ. ಸಾಮಾನು ಒಳಗಿನಿಂದ ಮುಚ್ಚಳವನ್ನು ತಳ್ಳುತ್ತಿದೆ, ಇಲ್ಲವೇ ಬಿಸಿಲಿಗೆ ಮುಚ್ಚಳ ತಿರುಚಿದೆ. ಕಲಬುರಗಿ ಬೇಸಿಗೆಯಲ್ಲಿ ನೆರಳಲ್ಲೇ 42, 43 ಡಿಗ್ರಿ ಇರುತ್ತದೆ, ಕಪ್ಪು ಪ್ಲಾಸ್ಟಿಕ್ ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಕಾದ ಪ್ಲಾಸ್ಟಿಕ್ ಮೇಲೆ ಒಳಗಿನಿಂದ ಒತ್ತಡ ಇದ್ದರೆ ನಿಧಾನಕ್ಕೆ ಆಕಾರ ಬದಲಾಗುತ್ತದೆ, ತಣ್ಣಗಾದ ಮೇಲೂ ಹಿಂದಕ್ಕೆ ಬರುವುದಿಲ್ಲ. ಖಾಲಿ ಬಾಕ್ಸ್ ಮುಚ್ಚಿ, ಮುಚ್ಚಳದ ಅಂಚಿನಲ್ಲಿ ಹಾಳೆ ಸಿಕ್ಕಿಸಿ ಎಳೆಯುತ್ತಾ ಸುತ್ತ ಬನ್ನಿ. ಒಂದು ಮೂಲೆಯಲ್ಲಿ ಹಾಳೆ ಸಲೀಸಾಗಿ ಬಂದರೆ ಅಲ್ಲಿ ತಿರುಚಿದೆ. ಎಲ್ಲ ಕಡೆ ಬಿಗಿ ಇದ್ದರೆ ಬಾಕ್ಸ್ ಸರಿ ಇದೆ, ನೀವು ತುಂಬುವುದನ್ನು ಕಡಿಮೆ ಮಾಡಿ.

ರಸ್ತೆಯಲ್ಲಿ ಖಾತ್ರಿ ಮಾಡಿಕೊಳ್ಳುವುದು

ಎಲ್ಲ ಸರಿಪಡಿಸಿದ ಮೇಲೆ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಓಡಿಸಿ ನೋಡಿ. ಮೊದಲು ಬಾಕ್ಸ್ ಇಲ್ಲದೆ. ಆಮೇಲೆ ಖಾಲಿ ಬಾಕ್ಸ್. ಆಮೇಲೆ ಲೀಟರ್ ನೀರಿನ ಬಾಟಲಿ ಒಂದೊಂದು ಕಿಲೋ ಲೆಕ್ಕದಲ್ಲಿ ಐದು, ನಂತರ ಹತ್ತು, ಅಲುಗದಂತೆ ಬಟ್ಟೆ ತುರುಕಿ. ಖಾಲಿ ಬಾಕ್ಸ್ ಇದ್ದಾಗಲೇ ತೂಗಾಟ ಬಂದರೆ ಅದು ಭಾರದ್ದಲ್ಲ, ಗಾಳಿ ತಡೆಯುವ ಬಾಕ್ಸಿನ ಆಕಾರದ್ದು ಅಥವಾ ಕೂಡಿಸಿದ ಎತ್ತರದ್ದು. ಬಾಕ್ಸ್ ಇಲ್ಲದೆಯೂ ಬಂದರೆ ಗಾಡಿಯದ್ದು. ಐದರಲ್ಲಿ ಇಲ್ಲ, ಹತ್ತರಲ್ಲಿ ಇದೆ ಅಂದರೆ ನಿಮ್ಮ ಗಾಡಿಯ ನಿಜವಾದ ಮಿತಿ ಆ ನಡುವೆ ಇದೆ, ಸ್ಟಿಕ್ಕರ್ ಏನೇ ಹೇಳಲಿ.

ಬಿರುಕಿಗೆ ವೆಲ್ಡಿಂಗ್ ಮಾಡಿಸುವುದಾದರೆ ಕ್ಯಾರಿಯರ್ ಬಿಚ್ಚಿಕೊಂಡು ಹೋಗಿ, ಗಾಡಿಯ ಮೇಲೇ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಸಿಯು, ಅಂದರೆ ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಘಟಕ ಇದೆ, ವೆಲ್ಡಿಂಗ್ ಕರೆಂಟ್ ಫ್ರೇಮಿನಲ್ಲಿ ಹರಿದರೆ ಅದು ಸುಡಬಹುದು. ಬಿಚ್ಚಲು ಆಗುವುದೇ ಇಲ್ಲ ಅಂದರೆ ಬ್ಯಾಟರಿಯ ನೆಗೆಟಿವ್ ತೆಗೆದು, ಇಸಿಯು ಕನೆಕ್ಟರ್ ಎಳೆದು, ಅರ್ತ್ ಕ್ಲ್ಯಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ. ಬಿರುಕಿನ ಮೇಲೆ ಬರೀ ಒಂದು ಗೆರೆ ವೆಲ್ಡಿಂಗ್ ಎಳೆದರೆ ಅದರ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಬಿರುಕನ್ನು ಗ್ರೈಂಡ್ ಮಾಡಿ, ತುಂಬಿಸಿ, ಮೇಲೆ ತ್ರಿಕೋನದ ಪಟ್ಟಿ ಕೂಡಿಸಬೇಕು. ಸಬ್‌ಫ್ರೇಮಿನಲ್ಲೇ ಬಿರುಕು ಕಂಡರೆ ಬಾಕ್ಸ್ ಬಿಚ್ಚಿಡಿ, ಹಿಂದೆ ಯಾರನ್ನೂ ಕೂರಿಸಬೇಡಿ, ಅದಕ್ಕೆ ಕಂಪನಿಯ ಭಾಗವೇ ಬೇಕು. ಅಷ್ಟರಲ್ಲಿ 20 ಕಿಲೋ ಸಾಮಾನು ಯಾದಗಿರಿಗೆ ಕಳಿಸಲೇಬೇಕು ಅಂದರೆ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕಬಹುದು. ನೀವು ಹಗುರ ಗಾಡಿಯಲ್ಲಿ ಹಿಂದೆ ಹೋಗಿ ಇಳಿಸಿಕೊಂಡರಾಯಿತು.